ಹಾಡು ಮುಗಿದ ಮೇಲಿನ ಪರೀಕ್ಷೆ

2013ರ ಡಿಸೆಂಬರ್ 5, ಗುರುವಾರ ರಾತ್ರಿ. ಅಮೆರಿಕದ ಎನ್‌ಬಿಸಿ ವಾಹಿನಿ ಮೂರು ಗಂಟೆಯ ಸಂಗೀತ ನಾಟಕವೊಂದನ್ನು ನೇರ ಪ್ರಸಾರ ಮಾಡಿತು. ನಾಟಕ ‘ದಿ ಸೌಂಡ್ ಆಫ್ ಮ್ಯೂಸಿಕ್’. ಆಡಿದ್ದು ರಂಗಮಂದಿರದಲ್ಲಲ್ಲ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಬೆತ್‌ಪೇಜ್‌ನಲ್ಲಿ. ಹಿಂದೊಮ್ಮೆ ಗ್ರಮ್ಮನ್ ಕಂಪನಿ ವಿಮಾನಗಳನ್ನು ತಯಾರಿಸುತ್ತಿದ್ದ ಆವರಣದ ಸ್ಟುಡಿಯೊ ಅದು. ಕ್ರೈಸ್ತ ಸನ್ಯಾಸಿನಿಯರ ಮಠ, ಕ್ಯಾಪ್ಟನ್ ಫಾನ್ ಟ್ರಾಪ್‌ನ ಬಂಗಲೆ, ಆಲ್ಪ್ಸ್ ಬೆಟ್ಟ ಎಲ್ಲವನ್ನೂ ಅಕ್ಕಪಕ್ಕದಲ್ಲೇ ಕಟ್ಟಿದ್ದರು. ಎದುರಿಗೆ ಪ್ರೇಕ್ಷಕರಿರಲಿಲ್ಲ. ಮಠದಿಂದ ಬಂದು ಕ್ಯಾಪ್ಟನ್ನನ ಏಳು ಮಕ್ಕಳನ್ನು ನೋಡಿಕೊಳ್ಳುವ ಮರಿಯಾಳ ಪಾತ್ರ ವಹಿಸಿದ್ದವರು ಕ್ಯಾರಿ ಅಂಡರ್‌ವುಡ್. ಓಕ್ಲಹೋಮಾದ ಚೆಕೋಟಾ ಎಂಬ ಸಣ್ಣ ಊರಿನಿಂದ ಬಂದು, 2005ರಲ್ಲಿ ‘ಅಮೆರಿಕನ್ ಐಡಲ್’ ಎಂಬ ಟಿವಿ ಗಾಯನ ಸ್ಪರ್ಧೆ ಗೆದ್ದು, ಕಂಟ್ರಿ ಸಂಗೀತದಲ್ಲೂ ಪಾಪ್ ಸಂಗೀತದಲ್ಲೂ ಮನೆಮಾತಾಗಿದ್ದ ಗಾಯಕಿ.

ಸುಮಾರು 1 ಕೋಟಿ 85 ಲಕ್ಷ ಜನ ಅದನ್ನು ನೋಡಿದರು. ಅಷ್ಟು ದೊಡ್ಡ ಸಂಖ್ಯೆಯನ್ನು ವಾಹಿನಿಯವರೇ ನಿರೀಕ್ಷಿಸಿರಲಿಲ್ಲ. ಆದರೆ ಮರುದಿನದ ವಿಮರ್ಶೆಗಳು ನಿಷ್ಠುರವಾಗಿದ್ದವು. ಹಾಡಿದ್ದು ಸರಿ, ಮಾತು ಮಾತ್ರ ಪಾಠ ಒಪ್ಪಿಸಿದ ಹಾಗಿತ್ತು ಎಂಬುದು ಅವುಗಳ ಒಟ್ಟು ತೀರ್ಪು. ಪ್ರಸಾರ ನಡೆಯುತ್ತಿದ್ದಾಗಲೇ ಟ್ವಿಟರ್‌ನಲ್ಲಿ ಗೇಲಿ ಶುರುವಾಗಿತ್ತು. ಅದು ಎಷ್ಟು ಖಾರವಾಗಿತ್ತೆಂದರೆ, ನಿಂದಿಸಿದವರಿಗಾಗಿ ಪ್ರಾರ್ಥಿಸುತ್ತೇನೆಂದು ಅಂಡರ್‌ವುಡ್ ಬರೆಯಬೇಕಾಯಿತು.

ಆ ಗೇಲಿ ಅನ್ಯಾಯದ್ದು ಎಂದು ನನಗೆ ಅನ್ನಿಸಿದೆ. ಅವರು ಅದ್ಭುತವಾಗಿ ನಟಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ಆ ರಾತ್ರಿ ಎದ್ದು ಕಂಡ ಕೊರತೆ ಒಬ್ಬ ಗಾಯಕಿಯ ಕೊರತೆ ಆಗಿರಲಿಲ್ಲ. ಪಾಪ್ ಗಾಯಕರಿಗೆ ನಾಟಕದ ಪಾತ್ರ ಕೊಡುವಾಗ ಟಿವಿ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ಅದು ಹೊರಗೆ ಹಾಕಿತು. ಅಲ್ಲಿಂದಾಚೆ ಬಂದ ಪ್ರಯೋಗಗಳನ್ನು ಸಾಲಾಗಿ ನೋಡಿದರೆ, ಗೆದ್ದ ಕಡೆ ಏಕೆ ಗೆದ್ದರು, ಸೋತ ಕಡೆ ಏಕೆ ಸೋತರು ಎಂಬುದು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಟಿವಿಗೂ ಸಂಗೀತ ನಾಟಕಕ್ಕೂ ಹಳೆಯ ನಂಟು. 1955ರ ಮಾರ್ಚ್ 7ರಂದು ಇದೇ ಎನ್‌ಬಿಸಿ ‘ಪೀಟರ್ ಪ್ಯಾನ್’ ನಾಟಕವನ್ನು ಮೇರಿ ಮಾರ್ಟಿನ್ ಅವರಿಂದ ನೇರ ಪ್ರಸಾರದಲ್ಲಿ ಆಡಿಸಿದಾಗ ಸುಮಾರು ಆರೂವರೆ ಕೋಟಿ ಜನ ನೋಡಿದರೆಂದು ಅಂದಾಜು. ಎರಡು ವರ್ಷದ ನಂತರ, 1957ರ ಮಾರ್ಚ್ 31ರಂದು, ರಿಚರ್ಡ್ ರಾಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಟಿವಿಗೆಂದೇ ಬರೆದ ‘ಸಿಂಡರೆಲಾ’ ಸಿಬಿಎಸ್ ವಾಹಿನಿಯಲ್ಲಿ ಬಂತು. ನಾಯಕಿ 21 ವರ್ಷದ ಜೂಲಿ ಆಂಡ್ರೂಸ್. ನೋಡಿದವರು 10 ಕೋಟಿಗೂ ಹೆಚ್ಚು ಎಂಬ ಅಂದಾಜಿದೆ. ಆಗ ಜೂಲಿ ‘ಮೈ ಫೇರ್ ಲೇಡಿ’ಯ ಮೂಲಕ ಬ್ರಾಡ್‌ವೇಯಲ್ಲಿ ಹೆಸರು ಮಾಡಿದ್ದರೂ ದೇಶದ ಉಳಿದ ಭಾಗಕ್ಕೆ ಅವರ ಮುಖ ಅಷ್ಟಾಗಿ ಗೊತ್ತಿರಲಿಲ್ಲ. ನ್ಯೂಯಾರ್ಕಿನ ರಂಗಭೂಮಿ ಬೆಳೆಸಿದವರನ್ನು ದೇಶದ ಮನೆಮನೆಗೆ ಕರೆದೊಯ್ಯುವುದು ಅಂದಿನ ಟಿವಿಯ ಕೆಲಸವಾಗಿತ್ತು. 2013ರಲ್ಲಿ ಪ್ರಯಾಣದ ದಿಕ್ಕೇ ಬದಲಾಗಿತ್ತು. ಟಿವಿ ತಾನು ಬೆಳೆಸಿದವರನ್ನು ರಂಗಕ್ಕೆ ಕರೆತಂದಿತು.

ಕಾರಣ ಸರಳ. ಜನ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡು, ಜಾಹೀರಾತು ಬಂದಾಗ ಓಡಿಸಿ ನೋಡುವ ಕಾಲ ಬಂದಿತ್ತು. ಪ್ರಸಾರದ ಹೊತ್ತಿಗೇ ಕುಳಿತು ನೋಡುವಂಥವೆಂದರೆ ಕ್ರೀಡೆ, ಪ್ರಶಸ್ತಿ ಸಮಾರಂಭ ಇಷ್ಟೇ. ಆ ಸಾಲಿಗೆ ಇನ್ನೊಂದನ್ನು ಸೇರಿಸಲು ಕ್ರೇಗ್ ಜೇಡನ್ ಮತ್ತು ನೀಲ್ ಮೆರೊನ್ ಎಂಬ ನಿರ್ಮಾಪಕರು ಹೊರಟರು. ‘ಷಿಕಾಗೊ’ ಸಿನಿಮಾದ ನಿರ್ಮಾಣದಲ್ಲಿ ಕೈಜೋಡಿಸಿದ್ದ ಇವರಿಗೆ ಸಂಗೀತ ನಾಟಕದ ಮೇಲೆ ನಿಜವಾದ ಪ್ರೀತಿಯಿತ್ತು. ಆದರೆ ಪ್ರೀತಿ ಮಾತ್ರದಿಂದ ಜಾಹೀರಾತು ಬರುವುದಿಲ್ಲ. ರಂಗಭೂಮಿಯ ಟೋನಿ ಪ್ರಶಸ್ತಿಯನ್ನು ಐದು ಸಲ ಪಡೆದು, ಇದೇ ಪ್ರಯೋಗದಲ್ಲಿ ಮಠದ ಹಿರಿಯ ತಾಯಿಯಾಗಿದ್ದ ಆಡ್ರಾ ಮೆಕ್‌ಡೊನಾಲ್ಡ್ ಹೆಸರು ಹೇಳಿದರೆ ಟೆಕ್ಸಸ್‌ನ ಎಷ್ಟೋ ಮನೆಗಳಲ್ಲಿ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ‘ಐಡಲ್’ ಗೆದ್ದ ಹುಡುಗಿ ಎಂದರೆ ಸಾಕಿತ್ತು. ಅದೇ ವರ್ಷ ಎನ್‌ಬಿಸಿಯ ಭಾನುವಾರದ ಫುಟ್‌ಬಾಲ್ ಪ್ರಸಾರದ ಆರಂಭಗೀತೆಯನ್ನೂ ಅಂಡರ್‌ವುಡ್ ಹಾಡತೊಡಗಿದ್ದರು. ವಾಹಿನಿಗೆ ಅವರು ಹೊರಗಿನವರಾಗಿರಲಿಲ್ಲ.

ಹೆಸರು ನೋಡಿ ಪಾತ್ರ ಕೊಟ್ಟರು ಎಂದು ಮೂಗು ಮುರಿಯುವವರು ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು. ‘ದಿ ಸೌಂಡ್ ಆಫ್ ಮ್ಯೂಸಿಕ್’ ಹುಟ್ಟಿದ್ದೇ ಒಂದು ಹೆಸರಿಗಾಗಿ. ಮೇರಿ ಮಾರ್ಟಿನ್ ಅವರಿಗೆ ತಕ್ಕ ಪಾತ್ರವೆಂದು ಫಾನ್ ಟ್ರಾಪ್ ಕುಟುಂಬದ ಕಥೆಯನ್ನು ಕೈಗೆತ್ತಿಕೊಂಡರು. 1959ರ ನವೆಂಬರ್ 16ರಂದು ಬ್ರಾಡ್‌ವೇಯಲ್ಲಿ ನಾಟಕ ತೆರೆದಾಗ ಅವರಿಗೆ 45 ವರ್ಷ. ಇಪ್ಪತ್ತರ ಆಸುಪಾಸಿನ ಮರಿಯಾಳಾಗಿ ಅವರನ್ನು ಜನ ಒಪ್ಪಿಕೊಂಡರು. 1965ರ ಸಿನಿಮಾದ ಜೂಲಿ ಆಂಡ್ರೂಸ್ ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಂಡರ್‌ವುಡ್ ಅವರನ್ನು ಅಳೆದವರು ಎನ್‌ಬಿಸಿ ಆಡಿಸಿದ್ದು ಸಿನಿಮಾವನ್ನಲ್ಲ, ಆ ಹಳೆಯ ನಾಟಕವನ್ನು ಎಂಬುದನ್ನು ಮರೆತಿದ್ದರು. ಸಿನಿಮಾದಲ್ಲಿ ಮಳೆ–ಗುಡುಗಿನ ರಾತ್ರಿ ಮಕ್ಕಳೊಡನೆ ಹಾಡುವ ಪ್ರಿಯ ವಸ್ತುಗಳ ಹಾಡನ್ನು ನಾಟಕದಲ್ಲಿ ಮರಿಯಾ ಹಾಡುವುದು ಮಠದ ಹಿರಿಯ ತಾಯಿಯ ಜೊತೆ. ಕೈತಪ್ಪಿಹೋದ ಸಿನಿಮಾವನ್ನು ಹುಡುಕುತ್ತ ಕುಳಿತ ಪ್ರೇಕ್ಷಕರಿಗೆ ಆ ಆರಂಭವೇ ಗಲಿಬಿಲಿ ತಂದಿತ್ತು.

ಹೆಸರು ನೋಡಿ ಪಾತ್ರ ಕೊಡುವ ರೂಢಿ ಹಳೆಯದೇ, ಗಾಯಕಿಯೂ ಸಮರ್ಥಳೇ ಎಂದಮೇಲೆ ತೊಡಕು ಎಲ್ಲಿತ್ತು? ನೇರ ಪ್ರಸಾರದಲ್ಲಿ ಹಾಡುವುದು ಅಂಡರ್‌ವುಡ್ ಅವರಿಗೆ ಹೊಸತಲ್ಲ, ‘ಐಡಲ್’ ಅವರಿಗೆ ಕಲಿಸಿದ್ದೇ ಅದನ್ನು. ಕಂಠಕ್ಕೆ ಶಕ್ತಿಯಿತ್ತು, ಶ್ರುತಿ ಗಟ್ಟಿಯಾಗಿತ್ತು. ಕಷ್ಟ ಬಂದದ್ದು ಹಾಡುಗಳ ನಡುವಿನ ಜಾಗದಲ್ಲಿ.

ಸಂಗೀತ ನಾಟಕದಲ್ಲಿ ಮಾತಿನಿಂದ ಹೇಳಿ ತೀರದ ಹಂತಕ್ಕೆ ಪಾತ್ರ ಬಂದಾಗ ಹಾಡು ಹುಟ್ಟುತ್ತದೆ. ಹಾಡು ಮುಗಿಯುವ ಹೊತ್ತಿಗೆ ಆ ಪಾತ್ರ ಮೊದಲಿನಂತೆ ಇರಕೂಡದು. ಏನೋ ನಿರ್ಧಾರವಾಗಿರಬೇಕು, ಯಾರದೋ ಮನಸ್ಸು ಕರಗಿರಬೇಕು. ಪಾಪ್ ಹಾಡಿಗೆ ಈ ಹೊರೆಯಿಲ್ಲ. ಮೂರೂವರೆ ನಿಮಿಷ ಒಂದೇ ಭಾವದಲ್ಲಿ ನಿಂತು ಅದನ್ನು ಹಿಗ್ಗಿಸುತ್ತ ಹೋದರೆ ಸಾಕು, ಕೊನೆಗೆ ಚಪ್ಪಾಳೆ. ಪಾಪ್ ಕಲಾವಿದರು ಜನಸಮೂಹದ ಕಣ್ಣಿಗೆ ಕಣ್ಣಿಟ್ಟು ಹಾಡುತ್ತಾರೆ. ವೇದಿಕೆಯ ಮೇಲೆ ಇನ್ನೊಬ್ಬರ ಮಾತನ್ನು ಕೇಳಿಸಿಕೊಂಡು, ಅದು ತಮ್ಮನ್ನು ತಟ್ಟಿದ್ದನ್ನು ಮುಖದಲ್ಲಿ ತೋರಿಸುವ ಸಂದರ್ಭ ಅವರಿಗೆ ಬರುವುದೇ ಇಲ್ಲ. ನಟನೆಯ ಅರ್ಧಪಾಲು ಆ ಕೇಳಿಸಿಕೊಳ್ಳುವುದರಲ್ಲೇ ಇದೆ. ‘ಸೌಂಡ್ ಆಫ್ ಮ್ಯೂಸಿಕ್’ ಮಾತು ಹೆಚ್ಚಿರುವ ನಾಟಕ. ಮರಿಯಾ ಕ್ಯಾಪ್ಟನ್ನನೊಡನೆ ಜಗಳವಾಡಬೇಕು, ಏಳು ಮಕ್ಕಳನ್ನು ಒಬ್ಬೊಬ್ಬರಾಗಿ ಗೆಲ್ಲಬೇಕು, ತಾನು ಪ್ರೀತಿಸುತ್ತಿದ್ದೇನೆಂದು ತನಗೇ ಗೊತ್ತಾಗುವ ಗಳಿಗೆಯನ್ನು ಮಾತಿಲ್ಲದೆ ದಾಟಬೇಕು.

ಕೇಳಿಸಿಕೊಳ್ಳುವುದೂ ನಟನೆಯೇ ಎಂಬುದಕ್ಕೆ ಆ ರಾತ್ರಿಯೇ ಪುರಾವೆ ಒದಗಿಸಿತು. ಮಠಕ್ಕೆ ಓಡಿಬಂದ ಮರಿಯಾಳಿಗೆ ಆಡ್ರಾ ಮೆಕ್‌ಡೊನಾಲ್ಡ್ ಬೆಟ್ಟ ಹತ್ತುವ ಹಾಡನ್ನು ಹಾಡಿದಾಗ ಕೇಳುತ್ತ ನಿಂತಿದ್ದ ಅಂಡರ್‌ವುಡ್ ಕಣ್ಣು ತುಂಬಿಕೊಂಡರು. ಮೂರು ಗಂಟೆಯ ಪ್ರಸಾರದಲ್ಲಿ ಅವರು ಅತ್ಯಂತ ಹೆಚ್ಚು ಮರಿಯಾ ಆಗಿದ್ದ ಗಳಿಗೆ ಯಾವುದೆಂದರೆ ನಾನು ಅದನ್ನೇ ಹೇಳುತ್ತೇನೆ. ಅಲ್ಲಿ ಅವರು ಹಾಡುತ್ತಿರಲಿಲ್ಲ. ಎದುರಿಗಿದ್ದ ಮಹಾನಟಿ ಅವರಿಂದ ಕೇಳುವಿಕೆಯನ್ನು ಹೊರತೆಗೆದಿದ್ದರು. ಇನ್ನಷ್ಟು ಸಮಯ ಸಿಕ್ಕಿದ್ದರೆ ಏನಾಗಬಹುದಿತ್ತು ಎಂಬುದರ ಸುಳಿವೂ ಅಲ್ಲಿತ್ತು.

ನೇರ ಪ್ರಸಾರ ಕೊಡದೇ ಇರುವುದು ಆ ಸಮಯವನ್ನೇ. ಬ್ರಾಡ್‌ವೇ ನಾಟಕ ನ್ಯೂಯಾರ್ಕಿಗೆ ಬರುವ ಮುನ್ನ ಬೇರೆ ಊರುಗಳಲ್ಲಿ ಆಡಿಸಿ ನೋಡುವ ರೂಢಿ ಹಿಂದಿನಿಂದ ಇದೆ. 1959ರಲ್ಲಿ ‘ಸೌಂಡ್ ಆಫ್ ಮ್ಯೂಸಿಕ್’ ನ್ಯೂ ಹೇವನ್, ಬಾಸ್ಟನ್‌ಗಳಲ್ಲಿ ಆಡಿತು. ಕ್ಯಾಪ್ಟನ್ ತಾಯ್ನಾಡಿಗೆ ವಿದಾಯ ಹೇಳುವ ‘ಎಡೆಲ್‌ವೈಸ್’ ಹಾಡು ನಾಟಕದೊಳಗೆ ಬಂದದ್ದು ಬಾಸ್ಟನ್‌ನಲ್ಲಿ ಆಡುತ್ತಿದ್ದಾಗ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಹ್ಯಾಮರ್‌ಸ್ಟೈನ್ ಬರೆದ ಕೊನೆಯ ಗೀತೆ ಅದು. ಮರುವರ್ಷ ಅವರು ತೀರಿಕೊಂಡರು. ಜನರ ಮುಂದೆ ಆಡಿದ್ದರಿಂದಲೇ ನಾಟಕಕ್ಕೆ ಏನು ಬೇಕೆಂದು ತಿಳಿಯಿತು. ನಟರಿಗೂ ಹಾಗೆಯೇ. ವಾರಕ್ಕೆ ಎಂಟು ಪ್ರದರ್ಶನ. ಇಪ್ಪತ್ತನೆಯ ದಿನ ಒಂದು ಮಾತಿನ ತೂಕ ಗೊತ್ತಾಗುತ್ತದೆ, ನಲವತ್ತನೆಯ ದಿನ ಒಂದು ಮೌನದ್ದು. ಟಿವಿ ಪ್ರಯೋಗದಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆದರೂ ಆಡುವುದು ಒಂದೇ ರಾತ್ರಿ. ತಪ್ಪಿದರೆ ನಾಳೆ ಸರಿಪಡಿಸಿಕೊಳ್ಳುತ್ತೇನೆ ಎನ್ನಲು ನಾಳೆ ಇಲ್ಲ. ರಂಗದಲ್ಲೇ ಬೆಳೆದ ನಟರು ಇದನ್ನು ತಡೆದುಕೊಂಡಾರು. ಹೊಸಬರು ಕಲಿಯುವುದು ಹೇಗೆ?

ಅಂಡರ್‌ವುಡ್ ಎದುರು, ಕ್ಯಾಪ್ಟನ್ ಮದುವೆಯಾಗಲು ಹೊರಟಿದ್ದ ಎಲ್ಸಾಳ ಪಾತ್ರದಲ್ಲಿದ್ದ ಲಾರಾ ಬೆನಾಂಟಿ ಅವರ ಕಥೆಯನ್ನು ಇಲ್ಲಿ ನೆನೆಯಬೇಕು. 1998ರಲ್ಲಿ ಇದೇ ನಾಟಕ ಬ್ರಾಡ್‌ವೇಗೆ ಮರಳಿದಾಗ ಅವರಿಗೆ 18–19 ವರ್ಷ. ಮರಿಯಾ ಪಾತ್ರಧಾರಿಗೆ ಅವರು ಅಂಡರ್‌ಸ್ಟಡಿ ಆಗಿದ್ದರು. ಮುಖ್ಯ ನಟಿ ಬಾರದ ದಿನ ಬಣ್ಣ ಹಚ್ಚಿಕೊಳ್ಳಲು ಸಿದ್ಧವಾಗಿರುವ ಬದಲಿ ನಟಿ. ಪ್ರತಿ ರಾತ್ರಿ ಇನ್ನೊಬ್ಬರನ್ನು ನೋಡುತ್ತ ನೋಡುತ್ತ ಪಾತ್ರ ಕಲಿತು, ಮುಂದೆ ಆ ಪಾತ್ರವೇ ಅವರದಾಯಿತು. ಮರಿಯಾಳನ್ನು ಬಲ್ಲ ಒಬ್ಬರು 2013ರ ಆ ಸೆಟ್‌ನಲ್ಲಿ ಪಕ್ಕದ ಪಾತ್ರದಲ್ಲಿ ನಿಂತಿದ್ದರು. ಇಬ್ಬರೂ ಪ್ರತಿಭಾವಂತರೇ. ಕಲಿಯಲು ಸಿಕ್ಕ ರಾತ್ರಿಗಳಲ್ಲಿ ಮಾತ್ರ ಅಜಗಜಾಂತರ.

ಕನ್ನಡದವರಿಗೆ ಈ ಕಥೆ ತೀರ ದೂರದ್ದಲ್ಲ. ‘ಸೌಂಡ್ ಆಫ್ ಮ್ಯೂಸಿಕ್’ ಸಿನಿಮಾದಲ್ಲಿ ಮರಿಯಾ ಮಕ್ಕಳಿಗೆ ಸ್ವರ ಕಲಿಸುವ ಸನ್ನಿವೇಶದ ನೆರಳು 1968ರ ‘ಬೇಡಿ ಬಂದವಳು’ ಚಿತ್ರದ ಏಳು ಸ್ವರಗಳ ಹಾಡಿನಲ್ಲಿ ಕಾಣುತ್ತದೆ. ಗುಲ್ಜಾರ್ ಅವರ ಹಿಂದಿ ‘ಪರಿಚಯ್’ನಲ್ಲೂ ಅದು ಬಂತು. ಆದರೆ ನಮ್ಮ ಆ ಹಾಡಿನಲ್ಲಿ ತೆರೆಯ ಮೇಲಿನ ಮುಖ ನಟಿಯದು, ಕಂಠ ಪಿ. ಸುಶೀಲಾ ಅವರದು. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಎಂಬ ಏರ್ಪಾಡಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ ಅದು ಏರ್ಪಾಡು ಎಂಬುದೇ ಮರೆತಿದೆ. ಹಾಲಿವುಡ್ಡೂ ಇದನ್ನು ಗುಟ್ಟಾಗಿ ಮಾಡುತ್ತಿತ್ತು. 1964ರ ‘ಮೈ ಫೇರ್ ಲೇಡಿ’ ಸಿನಿಮಾಕ್ಕೆ, ರಂಗದ ಮೇಲೆ ಆ ಪಾತ್ರ ಕಟ್ಟಿದ ಜೂಲಿ ಆಂಡ್ರೂಸ್ ಅವರನ್ನು ಬಿಟ್ಟು ಹೆಸರುವಾಸಿ ಆಡ್ರೆ ಹೆಪ್‌ಬರ್ನ್ ಅವರನ್ನು ಆರಿಸಿದರು; ಹಾಡುಗಳಲ್ಲಿ ಹೆಚ್ಚಿನವನ್ನು ಮಾರ್ನಿ ನಿಕ್ಸನ್ ಎಂಬ ಗಾಯಕಿಯಿಂದ ಹಾಡಿಸಿದರು. ‘ಸೌಂಡ್ ಆಫ್ ಮ್ಯೂಸಿಕ್’ ಸಿನಿಮಾದಲ್ಲಿ ಕ್ಯಾಪ್ಟನ್ ಆಗಿದ್ದ ಕ್ರಿಸ್ಟಫರ್ ಪ್ಲಮರ್ ಅವರ ಹಾಡುಗಳಲ್ಲಿ ಕೇಳುವುದು ಬಿಲ್ ಲೀ ಅವರ ದನಿ. ಅದೇ ಸಿನಿಮಾದಲ್ಲಿ ಸನ್ಯಾಸಿನಿಯೊಬ್ಬಳ ಸಣ್ಣ ಪಾತ್ರದಲ್ಲಿ ಮಾರ್ನಿ ನಿಕ್ಸನ್ ತಮ್ಮದೇ ಮುಖದೊಡನೆ, ತಮ್ಮದೇ ದನಿಯಲ್ಲಿ ಕಾಣಿಸಿಕೊಂಡರು. ಆ ದೃಶ್ಯ ಬಂದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನೇರ ಪ್ರಸಾರಕ್ಕೆ ಈ ಅನುಕೂಲವಿಲ್ಲ. ಮುಖವೂ ಕಂಠವೂ ಒಂದೇ ಆಗಿರಬೇಕು. ಕಂಠವಿದ್ದವರನ್ನು ತಂದರೆ ನಟನೆ ಕಲಿಸಬೇಕು, ನಟರನ್ನು ತಂದರೆ ಹಾಡು. ಟಿವಿ ಮೊದಲನೆಯದನ್ನು ಆರಿಸಿಕೊಂಡಿತು. ಅದು ತಪ್ಪೂ ಅಲ್ಲ. ಯಾವ ನಾಟಕಕ್ಕೆ, ಯಾವ ಪಾತ್ರಕ್ಕೆ ಎಂಬುದನ್ನು ವಿಚಾರಿಸದಿದ್ದರೆ ಮಾತ್ರ ತಪ್ಪಾಗುತ್ತದೆ.

ಜೇಡನ್ ಮತ್ತು ಮೆರೊನ್ ಇದನ್ನು ಅರ್ಥಮಾಡಿಕೊಂಡರೆಂದೇ ತೋರುತ್ತದೆ. 2015ರ ಡಿಸೆಂಬರ್‌ನಲ್ಲಿ ‘ದಿ ವಿಜ್’ ನಾಟಕ ತಂದಾಗ ನಾಯಕಿ ಡೊರೊಥಿಯ ಪಾತ್ರಕ್ಕೆ ಯಾರೂ ಹೆಸರು ಕೇಳದ ಶನೀಸ್ ವಿಲಿಯಮ್ಸ್ ಎಂಬ ಹದಿಹರೆಯದ ಹುಡುಗಿಯನ್ನು ಮುಕ್ತ ಆಯ್ಕೆಯಲ್ಲಿ ಆರಿಸಿದರು. ಜನಪ್ರಿಯ ಗಾಯಕರನ್ನು ಆಕೆಯ ಸುತ್ತ ನಿಲ್ಲಿಸಿದರು. ನೀ-ಯೊ ತಗಡಿನ ಮನುಷ್ಯನಾದರೆ ಮೇರಿ ಜೆ. ಬ್ಲೈಜ್ ದುಷ್ಟ ಮಾಟಗಾತಿ. ಸುಮ್ಮನೆ ನಿಂತು ಕೇಳುವ ಪಾತ್ರವಲ್ಲ ಅದು. ಬಿರುಗಾಳಿಯ ಹಾಗೆ ಬಂದು, ಅಬ್ಬರಿಸಿ, ಹಾಡಿ ಹೋಗುವಂಥದ್ದು. ಬ್ಲೈಜ್ ಅವರ ವೇದಿಕೆಯ ಅನುಭವವೆಲ್ಲ ಅಲ್ಲಿ ನೇರವಾಗಿ ಕೆಲಸಕ್ಕೆ ಬಂತು. 1975ರ ಮೂಲ ಪ್ರಯೋಗದಲ್ಲಿ ಡೊರೊಥಿ ಆಗಿದ್ದ ಸ್ಟೆಫನಿ ಮಿಲ್ಸ್ ಈ ಸಲ ಚಿಕ್ಕಮ್ಮ ಎಮ್ ಆಗಿ ಬಂದು ಹೊಸ ಡೊರೊಥಿಯನ್ನು ಬೀಳ್ಕೊಟ್ಟರು. ಪಾತ್ರ ಹಂಚಿದವರಿಗೆ ರಂಗದ ನೆನಪಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಎರಡು ತಿಂಗಳು ತುಂಬುವ ಮೊದಲೇ, 2016ರ ಜನವರಿ 31ರಂದು, ಫಾಕ್ಸ್ ವಾಹಿನಿ ‘ಗ್ರೀಸ್’ ಆಡಿಸಿತು. ಬರ್ಬ್ಯಾಂಕಿನ ವಾರ್ನರ್ ಬ್ರದರ್ಸ್ ಆವರಣದ ಒಳಗೂ ಹೊರಗೂ ಓಡಾಡುವ ನಾಟಕ, ಅಂದೇ ಮಳೆ. ಆರಂಭಗೀತೆಯನ್ನು ಜೆಸ್ಸಿ ಜೆ ಕೊಡೆಗಳ ನಡುವೆ ಹಾಡುತ್ತ ಬಂದರು. ನಿರ್ದೇಶಕ ಥಾಮಸ್ ಕೇಲ್ ಸೆಟ್‌ಗೆ ಪ್ರೇಕ್ಷಕರನ್ನು ಕರೆಸಿದ್ದರು. ಅದರಿಂದ ಆದ ಉಪಕಾರ ದೊಡ್ಡದು. ಬೆತ್‌ಪೇಜ್‌ನಲ್ಲಿ ಪ್ರತಿ ಹಾಡಿನ ನಂತರ ಕವಿಯುತ್ತಿದ್ದ ಸದ್ದಿಲ್ಲದ ಖಾಲಿ ಇಲ್ಲಿರಲಿಲ್ಲ. ಜನರ ಉಸಿರಾಟ ಕೇಳಿಸದೆ ಹಾಡುವುದು ಪಾಪ್ ಗಾಯಕರಿಗೆ ಎಷ್ಟು ಕಷ್ಟವೆಂದು ಯಾರೂ ಮೊದಲು ಯೋಚಿಸಿರಲಿಲ್ಲ. ಫ್ರೆಂಚಿ ಎಂಬ ಪಕ್ಕದ ಪಾತ್ರ ಕಾರ್ಲಿ ರೇ ಜೆಪ್ಸನ್ ಅವರಿಗೆ ಸಿಕ್ಕಿತು. 2014ರಲ್ಲೇ ಬ್ರಾಡ್‌ವೇಯ ‘ಸಿಂಡರೆಲಾ’ದಲ್ಲಿ ಆಡಿ ಬಂದವರು ಅವರು. ರಿಜ್ಜೊ ಪಾತ್ರದ ವನೆಸಾ ಹಜೆನ್ಸ್ ಹಿಂದಿನ ರಾತ್ರಿಯಷ್ಟೇ ತಂದೆಯನ್ನು ಕಳೆದುಕೊಂಡಿದ್ದರು. ಆದರೂ ಬಂದು, ಒಂದು ಸ್ವರವೂ ಜಾರದಂತೆ ಆಡಿದರು.

ಎಲ್ಲ ಪ್ರಯೋಗಗಳಲ್ಲಿ ನನ್ನ ಮೆಚ್ಚಿನದು 2018ರ ಏಪ್ರಿಲ್ 1ರ, ಈಸ್ಟರ್ ಭಾನುವಾರದ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’. ಬ್ರೂಕ್ಲಿನ್‌ನ ಮಾರ್ಸಿ ಅವೆನ್ಯೂ ಆರ್ಮರಿ ಎಂಬ ಹಳೆಯ ಸೇನಾ ಕಟ್ಟಡದಲ್ಲಿ ನಡೆದ ಅದರಲ್ಲಿ ಜಾನ್ ಲೆಜೆಂಡ್ ಏಸು, ಸಾರಾ ಬರೆಲಿಸ್ ಮಗ್ದಲದ ಮರಿಯಾ, ಆಲಿಸ್ ಕೂಪರ್ ಅರಸ ಹೆರೋದ. ಯೂದನ ಪಾತ್ರ ಮಾತ್ರ ಬ್ರಾಡ್‌ವೇಯ ‘ಹ್ಯಾಮಿಲ್ಟನ್’ನಲ್ಲಿ ಆಡಿದ್ದ ಬ್ರಾಂಡನ್ ವಿಕ್ಟರ್ ಡಿಕ್ಸನ್ ಅವರದು. ಈ ಹಂಚಿಕೆಯ ಜಾಣತನ ಬಿಡಿಸಿ ನೋಡುವಂಥದ್ದು. ಆಂಡ್ರ್ಯೂ ಲಾಯ್ಡ್ ವೆಬರ್ ಮತ್ತು ಟಿಮ್ ರೈಸ್ ಅವರ ಈ ಕೃತಿ ನಾಟಕವಾಗುವ ಮೊದಲು, 1970ರಲ್ಲಿ, ರಾಕ್ ಆಲ್ಬಂ ಆಗಿ ಹೊರಬಂದಿತ್ತು. ಅದರಲ್ಲಿ ಏಸುವಿನ ದನಿ ಡೀಪ್ ಪರ್ಪಲ್ ತಂಡದ ಇಯನ್ ಗಿಲನ್ ಅವರದು. ಜನಪ್ರಿಯ ಗಾಯಕನ ಕಂಠ ಇದಕ್ಕೆ ಹೊರಗಿನಿಂದ ಹೊರಿಸಿದ್ದಲ್ಲ. ಮೊದಲಿನಿಂದ ಕೊನೆಯವರೆಗೆ ಬರೀ ಹಾಡು, ಹಾಡುಗಳ ನಡುವೆ ಮಾತಿನ ಹಳ್ಳವೇ ಇಲ್ಲ.

ಕಥೆಯೂ ಅದಕ್ಕೆ ಒದಗಿಬಂತು. ಜನಸಮೂಹ ಒಬ್ಬನನ್ನು ಆರಾಧಿಸಿ, ಮುತ್ತಿ, ಕೊನೆಗೆ ಅವನ ಮೇಲೇ ತಿರುಗಿಬೀಳುವ ಕಥೆ ಅದು. ಲೆಜೆಂಡ್ ರಂಗಕ್ಕೆ ಬಂದಾಗ ಎದುರಿದ್ದ ಜನ ಕಿರುಚಿದರು. ಆ ಕಿರುಚಾಟ ಒಬ್ಬ ಪಾಪ್ ತಾರೆಗೆ ಸಲ್ಲುತ್ತಿತ್ತೋ, ಜೆರುಸಲೇಮಿಗೆ ಬಂದ ಏಸುವಿಗೋ ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ನಟನ ಖ್ಯಾತಿಯೇ ಪಾತ್ರದ ಅರ್ಥದೊಳಗೆ ಸೇರಿಹೋಯಿತು. ಸಂಶಯ, ಸಿಟ್ಟು, ದ್ರೋಹದ ಪಶ್ಚಾತ್ತಾಪ ಇವನ್ನೆಲ್ಲ ಹೊರಬೇಕಾದ ಯೂದನನ್ನು ರಂಗನಟನಿಗೆ ಕೊಟ್ಟರು. ಒಂದೇ ಹಾಡಿನ, ಆರ್ಭಟದ ಹೆರೋದನನ್ನು, 1996ರ ಧ್ವನಿಮುದ್ರಣದಲ್ಲೇ ಆ ಹಾಡು ಹಾಡಿದ್ದ ಕೂಪರ್ ಅವರಿಗೆ. ಬರೆಲಿಸ್ ತಾವೇ ಸಂಗೀತ ಸಂಯೋಜಿಸಿದ ‘ವೇಟ್ರೆಸ್’ ನಾಟಕದ ನಾಯಕಿಯಾಗಿ ಹಿಂದಿನ ವರ್ಷ ಬ್ರಾಡ್‌ವೇಯಲ್ಲಿ ಪಳಗಿದ್ದರು. ಅವರು ಹಾಡಿದ ಮರಿಯಾಳ ಗೊಂದಲದ ಪ್ರೇಮಗೀತೆಯಲ್ಲಿ ಪ್ರತಿ ಸಾಲೂ ಆಗಷ್ಟೇ ಹೊಳೆದಂತಿತ್ತು. ಕೊನೆಯಲ್ಲಿ ಶಿಲುಬೆಯ ಆಕಾರಕ್ಕೆ ಸೀಳಿದ ಗೋಡೆಯ ನಡುವೆ ಏಸು ಬೆಳಕಿನೊಳಗೆ ಹಿಂದೆ ಹಿಂದೆ ಸರಿಯುತ್ತ ಹೋದ ದೃಶ್ಯ ಟಿವಿಯಲ್ಲಿ ನಾನು ಕಂಡ ಅತ್ಯಂತ ಸುಂದರ ರಂಗದೃಶ್ಯಗಳಲ್ಲಿ ಒಂದು.

ಮರುವರ್ಷ ಇನ್ನೊಂದು ಕೊರತೆ ಬಯಲಾಯಿತು. 2019ರ ಜನವರಿ 27ರಂದು ಫಾಕ್ಸ್‌ನಲ್ಲಿ ‘ರೆಂಟ್’ ಬರಬೇಕಿತ್ತು. ಹಿಂದಿನ ರಾತ್ರಿ ಗ್ರ್ಯಾಂಡ್ ರಿಹರ್ಸಲ್ ಮುಗಿಯುತ್ತ ಬಂದಾಗ ರಾಜರ್ ಪಾತ್ರದ ಗಾಯಕ ಬ್ರೆನಿನ್ ಹಂಟ್ ಕಾಲು ಮುರಿದುಕೊಂಡರು. ರಂಗಮಂದಿರದಲ್ಲಾಗಿದ್ದರೆ ಅಂಡರ್‌ಸ್ಟಡಿ ಬಣ್ಣ ಹಚ್ಚಿಕೊಂಡು ನಿಲ್ಲುತ್ತಿದ್ದರು. ಇಲ್ಲಿ ಬದಲಿ ನಟರೇ ಇರಲಿಲ್ಲ. ತಾರೆಯ ಹೆಸರಿನ ಮೇಲೆ ಮಾರಿದ ಒಂದೇ ರಾತ್ರಿಯ ನಾಟಕಕ್ಕೆ ಬದಲಿ ಯಾಕೆ ಬೇಕು ಎಂಬ ಲೆಕ್ಕ. ಹೀಗಾಗಿ ರಿಹರ್ಸಲ್‌ನ ಚಿತ್ರೀಕರಣವನ್ನೇ ಬಹುಪಾಲು ಪ್ರಸಾರ ಮಾಡಿ, ಕೊನೆಯ ಭಾಗವನ್ನಷ್ಟೇ ನೇರವಾಗಿ ತೋರಿಸಿದರು. ಆ ನಾಟಕದ ಹುಟ್ಟಿನಲ್ಲೂ ಇಂಥದೊಂದು ರಾತ್ರಿ ಇದೆ. 1996ರ ಜನವರಿ 25ರಂದು, ಮೊದಲ ಪ್ರದರ್ಶನದ ದಿನವೇ ‘ರೆಂಟ್’ ಬರೆದ 35 ವರ್ಷದ ಜೊನಾಥನ್ ಲಾರ್ಸನ್ ತೀರಿಕೊಂಡರು. ಆ ಸಂಜೆ ಕಲಾವಿದರು ಕುಳಿತಲ್ಲೇ ಹಾಡಿ ಮುಗಿಸೋಣವೆಂದು ಆರಂಭಿಸಿದರು. ಅರ್ಧದಾರಿಯಲ್ಲಿ ತಡೆಯಲಾರದೆ ಎದ್ದು ನಿಂತು ಆಡಿದರು. ಅವರಿಗೆ ನಾಟಕ ಮೈಗೆ ಹತ್ತಿತ್ತು.

ಟಿವಿ ಈ ಪಾಠಗಳನ್ನೆಲ್ಲ ಕಲಿಯಿತೆಂದು ಹೇಳಲಾರೆ. ಆದರೆ ಒಬ್ಬ ಗಾಯಕಿ ಕಲಿತರು. 2016ರ ಡಿಸೆಂಬರ್ 7ರಂದು ಎನ್‌ಬಿಸಿಯ ‘ಹೇರ್‌ಸ್ಪ್ರೇ’ಯಲ್ಲಿ ನಾಯಕಿಯ ಗೆಳತಿ ಪೆನ್ನಿಯ ಪಾತ್ರ ಮಾಡಿದವರು ಆರಿಯಾನಾ ಗ್ರಾಂಡೆ. ಆಗಲೇ ಅವರು ಜಗತ್ತಿನ ದೊಡ್ಡ ಪಾಪ್ ತಾರೆಗಳಲ್ಲಿ ಒಬ್ಬರು. ನಾಯಕಿಯ ಪಾತ್ರ ಮಾತ್ರ ಹೊಸ ಹುಡುಗಿ ಮ್ಯಾಡಿ ಬೇಲಿಯೊ ಅವರದು. ಗ್ರಾಂಡೆ 15ನೇ ವಯಸ್ಸಿನಲ್ಲಿ ಬ್ರಾಡ್‌ವೇಯ ‘13’ ನಾಟಕದಲ್ಲಿ ಆಡಿದ್ದವರು. ಗುಂಪಿನಲ್ಲಿ ಒಬ್ಬಳಾಗಿ ನಿಲ್ಲುವುದು, ಪಕ್ಕದವರ ಮಾತಿಗೆ ಕಣ್ಣರಳಿಸುವುದು ಅವರಿಗೆ ಬರುತ್ತಿತ್ತು. ಅದೇ ನಾಟಕದಲ್ಲಿ ವೆಲ್ಮಾ ಪಾತ್ರ ಮಾಡಿದ್ದವರು ಕ್ರಿಸ್ಟಿನ್ ಚೆನೊವೆತ್, ಬ್ರಾಡ್‌ವೇಯ ‘ವಿಕೆಡ್’ನ ಮೊದಲ ಗ್ಲಿಂಡಾ. ಮುಂದೆ ‘ವಿಕೆಡ್’ ಸಿನಿಮಾ ಆಗುತ್ತದೆಂದು ತಿಳಿದಾಗ ಗ್ರಾಂಡೆ ಆ ಪಾತ್ರಕ್ಕಾಗಿ ಹೊಸದಾಗಿ ಕಂಠಸಾಧನೆಗೂ ನಟನೆಯ ಪಾಠಕ್ಕೂ ಕುಳಿತರು, ಉಳಿದ ಆಕಾಂಕ್ಷಿಗಳಂತೆಯೇ ಆಡಿಷನ್ ಕೊಟ್ಟರು. ಪಾಪ್ ಹಾಡಿನಲ್ಲಿ ಅಷ್ಟಾಗಿ ಬಳಸದ ಒಪೆರಾ ಶೈಲಿಯ ಮೇಲುಸ್ಥಾಯಿಯನ್ನು ರೂಢಿಸಿಕೊಂಡರು. 2024ರಲ್ಲಿ ತೆರೆಕಂಡ ಆ ಸಿನಿಮಾದ ಹಾಡುಗಳನ್ನು ಅವರೂ ಇನ್ನೊಬ್ಬ ನಾಯಕಿ ಸಿಂಥಿಯಾ ಎರಿವೊ ಅವರೂ ಬಹುಪಾಲು ಕ್ಯಾಮೆರಾ ಮುಂದೆಯೇ ನೇರವಾಗಿ ಹಾಡಿದ್ದಾರೆ. ಎರಿವೊ ಹಾಡುವಾಗ ಗ್ರಾಂಡೆ ಕೇಳುತ್ತಿರುವುದನ್ನು ಗಮನಿಸಿ ನೋಡಿ.